ಕರ್ನಲ್ ಎರರ್ ಪಾತ್‌ನಲ್ಲಿ ಮೆಮೊರಿ ಲೀಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಲಿನಕ್ಸ್ ಕರ್ನಲ್ ಬಗ್ಗೆ. ನಿಮಗೆ ಸಿ ಭಾಷೆ ಬರುತ್ತದೆ, ಒಂದೆರಡು ಡ್ರೈವರ್ ಕೋಡ್ ತೆರೆದು ನೋಡಿದ್ದೀರಿ ಅಂದುಕೊಂಡು ಬರೆದಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

ಎರರ್ ಪಾತ್ ಲೀಕ್ ಅಂದರೆ ನಿಜವಾಗಿ ಏನು?

ಒಂದು ಪ್ರೋಬ್ ಫಂಕ್ಷನ್ (ಡಿವೈಸ್ ಸಿಕ್ಕಾಗ ಅದನ್ನು ಸಜ್ಜುಮಾಡಲು ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) ಇದೆ ಅಂದುಕೊಳ್ಳಿ. ಅದು ಮೊದಲು ಕರ್ನಲ್ ಒಳಗೆ ಮೆಮೊರಿ ಕೊಡುವ ಕೆಮ್ಯಾಲಾಕ್ ಕರೆದು ಒಂದು ಬಫರ್ ತೆಗೆದುಕೊಳ್ಳುತ್ತದೆ. ಆಮೇಲೆ ಇಂಟರಪ್ಟ್ ಕೇಳುತ್ತದೆ. ಕೊನೆಗೆ ಡಿವೈಸನ್ನು ಸಿಸ್ಟಂಗೆ ಸೇರಿಸುತ್ತದೆ. ಈ ಮೂರನೆಯ ಹೆಜ್ಜೆ ಫೇಲ್ ಆಯಿತು. ಫಂಕ್ಷನ್ ಒಂದು ಎರರ್ ಕೋಡ್ ಕೊಟ್ಟು ವಾಪಸ್ ಹೋಯಿತು, ಆದರೆ ಮೊದಲು ತೆಗೆದುಕೊಂಡಿದ್ದ ಬಫರ್ ಹಾಗೇ ಉಳಿಯಿತು. ಅದರ ವಿಳಾಸ ಇದ್ದದ್ದು ಆ ಫಂಕ್ಷನ್ನಿನ ಲೋಕಲ್ ವೇರಿಯಬಲ್‌ನಲ್ಲಿ, ಈಗ ಅದೂ ಇಲ್ಲ. ಇನ್ನು ಆ ಬಫರನ್ನು ಯಾರೂ ಬಿಡಿಸಲಾರರು. ಅಷ್ಟೇ ವಿಷಯ.

ಎಲ್ಲ ಸರಿಯಾಗಿ ನಡೆಯುವ ದಾರಿಯಲ್ಲಿ ಇಂಥ ಲೀಕ್ ಇದ್ದರೆ ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ಆ ದಾರಿಯಲ್ಲಿ ದಿನವೂ ಕೋಡ್ ಓಡುತ್ತಿರುತ್ತದೆ. ಎರರ್ ಪಾತ್ ಹಾಗಲ್ಲ. ಎಷ್ಟೋ ಎರರ್ ಲೇಬಲ್‌ಗಳು ಬರೆದ ದಿನದಿಂದ ಇವತ್ತಿನ ತನಕ ಒಂದು ಸಲವೂ ಓಡಿರುವುದಿಲ್ಲ.

ಅರವತ್ನಾಲ್ಕು ಬೈಟ್ ಹೋದರೆ ಹೋಗಲಿ, ತಲೆ ಕೆಡಿಸಿಕೊಳ್ಳಬೇಕಾ?

ಯಾರು ಆ ದಾರಿಯನ್ನು ಎಷ್ಟು ಸಲ ಓಡಿಸಬಲ್ಲರು ಅನ್ನುವುದರ ಮೇಲೆ ಅವಲಂಬಿಸಿದೆ. ಸಾಮಾನ್ಯ ಪ್ರೋಗ್ರಾಂ ಲೀಕ್ ಮಾಡಿದರೆ ಅದು ಸತ್ತಾಗ ಕರ್ನಲ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಕರ್ನಲ್ಲೇ ಲೀಕ್ ಮಾಡಿದರೆ ಬಾಚಿಕೊಳ್ಳಲು ಮೇಲೆ ಯಾರೂ ಇಲ್ಲ. ರೀಬೂಟ್ ಆಗುವ ತನಕ ಆ ಜಾಗ ಹೋದಂತೆಯೇ.

ಬೂಟ್ ಸಮಯದಲ್ಲಿ ಒಂದೇ ಸಲ ಓಡುವ ಕೋಡ್‌ನಲ್ಲಿ ಅರವತ್ನಾಲ್ಕು ಬೈಟ್ ಹೋದರೆ ಯಾರಿಗೂ ಏನೂ ಆಗುವುದಿಲ್ಲ, ನಿಜ. ಆದರೆ ಅದೇ ಲೀಕ್ ಒಂದು ಐಆಕ್ಟಲ್‌ನಲ್ಲಿದ್ದು (ಪ್ರೋಗ್ರಾಂಗಳು ಡ್ರೈವರ್‌ಗೆ ಆದೇಶ ಕೊಡುವ ಸಿಸ್ಟಂ ಕಾಲ್), ಮಾಮೂಲಿ ಬಳಕೆದಾರ ತಪ್ಪು ಆರ್ಗ್ಯುಮೆಂಟ್ ಕೊಟ್ಟು ಅದನ್ನು ಲೂಪ್‌ನಲ್ಲಿ ಕರೆಯಬಹುದಾದರೆ, ಇಡೀ ಮೆಷಿನ್ನಿನ ಮೆಮೊರಿ ಖಾಲಿ ಮಾಡಿಬಿಡಬಹುದು. ಇನ್ನೊಂದು ಮೋಸದ ಜಾಗ ಪ್ರೋಬ್ ಡಿಫರ್. ಬೇಕಾದ ಕ್ಲಾಕೋ ರೆಗ್ಯುಲೇಟರೋ ಇನ್ನೂ ಬಂದಿಲ್ಲ ಅಂದರೆ ಪ್ರೋಬ್ ಫಂಕ್ಷನ್ 'ಆಮೇಲೆ ಕರಿ' ಅನ್ನುವ ಎರರ್ ಕೊಡುತ್ತದೆ, ಕರ್ನಲ್ ಅದನ್ನು ಮತ್ತೆ ಮತ್ತೆ ಕರೆಯುತ್ತದೆ. ಒಂದೇ ಸಲ ಓಡುವ ಕೋಡ್ ಅಂದುಕೊಂಡದ್ದು ಹಲವು ಸಲ ಓಡಿ ಪ್ರತಿ ಸಲವೂ ಒಂದಿಷ್ಟು ಕಳೆದಿರುತ್ತದೆ.

2024ರ ಫೆಬ್ರವರಿಯಿಂದ ಕರ್ನಲ್ ತಂಡವೇ ತನ್ನ ಸಿವಿಇ ನಂಬರ್‌ಗಳನ್ನು (ಭದ್ರತಾ ದೋಷಗಳ ಗುರುತಿನ ಸಂಖ್ಯೆ) ಕೊಡುತ್ತಿದೆ. ಹಾಗಾಗಿ ಮೂರು ಸಾಲಿನ ಲೀಕ್ ಪ್ಯಾಚ್‌ಗೂ ಸಿವಿಇ ನಂಬರ್ ಬರುವುದು ಈಗ ಮಾಮೂಲು. ನಂಬರ್ ಇದೆ ಅಂತ ಗಾಬರಿ ಬೀಳಬೇಡಿ, ಹೊರಗಿನವರು ಅದನ್ನು ಓಡಿಸಬಲ್ಲರಾ ಅಂತ ಮೊದಲು ನೋಡಿ.

ಮಾಡ್ಯೂಲ್ ಅನ್‌ಲೋಡ್ ಮಾಡಿದರೆ ಲೀಕ್ ಆದದ್ದು ವಾಪಸ್ ಬರುತ್ತದಾ?

ಇಲ್ಲ. ಮಾಡ್ಯೂಲಿನ ಕೋಡ್ ಮತ್ತು ಸ್ಟ್ಯಾಟಿಕ್ ಡೇಟಾ ಹೋಗುತ್ತದೆ, ಕೆಮ್ಯಾಲಾಕ್ ಮಾಡಿದ್ದು ಉಳಿಯುತ್ತದೆ. ಮಾಡ್ಯೂಲ್ ತನ್ನದೇ ಸ್ಲ್ಯಾಬ್ ಕ್ಯಾಶ್ (ಒಂದೇ ಬಗೆಯ ಆಬ್ಜೆಕ್ಟ್‌ಗಳಿಗೆ ಮೀಸಲಾದ ಮೆಮೊರಿ ಸಂಗ್ರಹ) ಮಾಡಿಕೊಂಡಿದ್ದರೆ ಒಂದು ಲಾಭ ಇದೆ: ಅದನ್ನು ನಾಶ ಮಾಡುವಾಗ ಒಳಗೆ ಇನ್ನೂ ಆಬ್ಜೆಕ್ಟ್‌ಗಳಿವೆ ಅಂತ ಕರ್ನಲ್ ಲಾಗ್‌ನಲ್ಲಿ ಕೂಗುತ್ತದೆ.

ಇಂಥ ಲೀಕ್‌ಗಳು ವರ್ಷಗಟ್ಟಲೆ ಯಾಕೆ ಕಣ್ಣಿಗೆ ಬೀಳುವುದಿಲ್ಲ?

ಮುಖ್ಯ ಕಾರಣ, ಸಣ್ಣ ಅಲೋಕೇಶನ್‌ಗಳು ಸಾಮಾನ್ಯವಾಗಿ ಫೇಲ್ ಆಗುವುದೇ ಇಲ್ಲ. ಜಿಎಫ್‌ಪಿ ಕರ್ನಲ್ ಫ್ಲ್ಯಾಗ್ (ಬೇಕಿದ್ದರೆ ಕಾಯುತ್ತೇನೆ ಅನ್ನುವ ಮಾಮೂಲಿ ಕೋರಿಕೆ) ಹಾಕಿ ಆರ್ಡರ್ 3ರ (ಎಂಟು ಪೇಜ್) ತನಕ, ಅಂದರೆ 4 ಕೆಬಿ ಪೇಜ್ ಇದ್ದಲ್ಲಿ 32 ಕೆಬಿ ತನಕ ಕೇಳಿದರೆ, ಅಲೋಕೇಟರ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಲೇ ಇರುತ್ತದೆ. ಬೇಕಿದ್ದರೆ ಒಓಎಂ ಕಿಲ್ಲರ್ ಕರೆದು ಬೇರೆ ಯಾವುದೋ ಪ್ರೋಗ್ರಾಂ ಕೊಂದಾದರೂ ನಿಮಗೆ ಮೆಮೊರಿ ಕೊಡುತ್ತದೆ. ಹೀಗಿರುವಾಗ 'ಮೆಮೊರಿ ಸಿಗದಿದ್ದರೆ' ಅಂತ ನೀವು ಬರೆದ ನಾಲ್ಕು ಸಾಲು ಓಡುವುದು ಯಾವಾಗ? ನಿಯಮದ ಪ್ರಕಾರ ಅದನ್ನು ಬರೆಯಲೇಬೇಕು, ಯಾಕೆಂದರೆ ಫೇಲ್ ಆಗುವುದೇ ಇಲ್ಲ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಆದರೆ ಟೆಸ್ಟ್‌ನಲ್ಲಿ ಅದು ತಾನಾಗಿ ಓಡುತ್ತದೆ ಅಂತ ಕಾಯುತ್ತಾ ಕೂರುವುದು ವ್ಯರ್ಥ.

ಗೋಟೂ ಕೆಟ್ಟದ್ದು ಅಂತ ಕಲಿತಿದ್ದೇವೆ, ಕರ್ನಲ್ ತುಂಬ ಅದೇ ಇದೆಯಲ್ಲ?

ಎರರ್ ಸಂಭಾಳಿಸಲು ಸಿ ಭಾಷೆಯಲ್ಲಿ ಇದಕ್ಕಿಂತ ಸರಳ ದಾರಿ ಬಹುಕಾಲ ಇರಲಿಲ್ಲ. ಪಡೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಬಿಡಿಸುವ ಲೇಬಲ್‌ಗಳು ಫಂಕ್ಷನ್ನಿನ ಕೊನೆಯಲ್ಲಿ ಸಾಲಾಗಿ ಇರುತ್ತವೆ. ಎಲ್ಲಿ ಫೇಲ್ ಆಯಿತೋ ಅಲ್ಲಿಂದ ಸರಿಯಾದ ಲೇಬಲ್‌ಗೆ ಹಾರಿದರೆ, ಅಲ್ಲಿಂದ ಕೆಳಗಿನದೆಲ್ಲ ತಾನಾಗಿ ಬಿಡುಗಡೆ ಆಗುತ್ತದೆ. ಇದನ್ನೇ ಇಫ್ ಒಳಗೆ ಇಫ್ ಹಾಕಿ ಬರೆದರೆ ಐದನೇ ಹೆಜ್ಜೆಗೆ ಬರುವಷ್ಟರಲ್ಲಿ ಕೋಡ್ ಪರದೆಯ ಬಲಗಡೆ ಅಂಚಿಗೆ ಹೋಗಿರುತ್ತದೆ.

ಲೀಕ್ ಹುಟ್ಟುವುದು ಹೆಚ್ಚಾಗಿ ಆಮೇಲೆ. ಕೋಡ್ ಮೊದಲು ಬರೆದವರು ಸರಿಯಾಗಿಯೇ ಬರೆದಿರುತ್ತಾರೆ. ಎರಡು ವರ್ಷ ಬಿಟ್ಟು ಇನ್ನೊಬ್ಬರು ಬಂದು ಮಧ್ಯದಲ್ಲಿ ಒಂದು ಹೊಸ ಚೆಕ್ ಸೇರಿಸುತ್ತಾರೆ. ಸುತ್ತ ಏನಿದೆ ಅಂತ ನೋಡದೆ ನೇರವಾಗಿ ರಿಟರ್ನ್ ಬರೆಯುತ್ತಾರೆ, ಇಲ್ಲವೇ ಮೇಲಿನ ಸಾಲಿನಲ್ಲಿದ್ದ ಗೋಟೂವನ್ನೇ ಕಾಪಿ ಮಾಡುತ್ತಾರೆ. ಆ ಗೋಟೂ ಒಂದು ಮೆಟ್ಟಿಲು ಕೆಳಗಿನದು, ಹೊಸದಾಗಿ ಪಡೆದದ್ದನ್ನು ಅದು ಬಿಡಿಸುವುದಿಲ್ಲ. ನನ್ನನ್ನು ಕೇಳಿದರೆ ಗೋಟೂ ಇರುವ ಫಂಕ್ಷನ್ನಿನ ನಟ್ಟನಡುವೆ ಬರಿಯ ರಿಟರ್ನ್ ಕಂಡರೆ ಸಾಕು, ಅಲ್ಲಿ ನಿಂತು ನೋಡಲೇಬೇಕು. ಅರ್ಧಕ್ಕರ್ಧ ಇಂಥ ಕಡೆಯೇ ಸಿಗುತ್ತವೆ.

ಲೇಬಲ್‌ಗೆ ಎರ್1, ಎರ್2 ಅಂತ ನಂಬರ್ ಕೊಡಬೇಡಿ. ಕರ್ನಲ್ಲಿನ ಕೋಡಿಂಗ್ ಸ್ಟೈಲ್ ಬರಹವೂ ಇದನ್ನೇ ಹೇಳುತ್ತದೆ. ಔಟ್ ಫ್ರೀ ಬಫರ್ ಅಂತ ಅದು ಮಾಡುವ ಕೆಲಸವನ್ನೇ ಹೆಸರಾಗಿಟ್ಟರೆ, ಹಾರುವ ಜಾಗದಲ್ಲೇ ಸರಿಯೋ ತಪ್ಪೋ ಓದಿ ಹೇಳಬಹುದು. ಎಲ್ಲಕ್ಕೂ ಒಂದೇ ಲೇಬಲ್ ಇಟ್ಟು ಅಲ್ಲೇ ಎಲ್ಲವನ್ನೂ ಬಿಡಿಸುವ ಅಭ್ಯಾಸವೂ ಇದೆ. ಮೆಮೊರಿ ಬಿಡಿಸುವ ಕೆಫ್ರೀಗೆ ನಲ್ ಕೊಟ್ಟರೆ ಅದು ಸುಮ್ಮನಿರುತ್ತದೆ, ಅದು ಸರಿ. ಆದರೆ ಬಿಡಿಸುವ ಎಲ್ಲ ಫಂಕ್ಷನ್‌ಗಳೂ ಅಷ್ಟು ಉದಾರಿಗಳಲ್ಲ, ಮೇಲಾಗಿ ನಲ್ ಬದಲು ಎರರ್ ಪಾಯಿಂಟರ್ (ವಿಳಾಸದ ರೂಪದಲ್ಲಿಟ್ಟ ಎರರ್ ಕೋಡ್) ಹಿಂದಿರುಗಿಸುವ ಫಂಕ್ಷನ್‌ಗಳೂ ಇವೆ. ಆ ಎರರ್ ಪಾಯಿಂಟರನ್ನು ನೇರವಾಗಿ ಕೆಫ್ರೀಗೆ ಕೊಟ್ಟರೆ ಲೀಕ್ ಬದಲು ಕ್ರ್ಯಾಶ್ ಸಿಗುತ್ತದೆ.

ಫೇಲ್ ಆದ ಜಾಗದಲ್ಲಿ ಒಂದು ಕೆಫ್ರೀ ಹಾಕಿದರೆ ಮುಗಿಯಿತಲ್ವಾ?

ಇಲ್ಲ, ಅಪಾಯ ಇರುವುದೇ ಇಲ್ಲಿ. ಕೇಳಬೇಕಾದ ಪ್ರಶ್ನೆ 'ಕೆಫ್ರೀ ಎಲ್ಲಿ ಹಾಕಲಿ' ಅಂತಲ್ಲ, 'ಈ ಕ್ಷಣದಲ್ಲಿ ಈ ಮೆಮೊರಿ ಯಾರದು' ಅಂತ. ಕರೆದ ಫಂಕ್ಷನ್ ಫೇಲ್ ಆದರೂ ಅಷ್ಟರಲ್ಲಿ ಮೆಮೊರಿಯ ಜವಾಬ್ದಾರಿಯನ್ನು ತನ್ನ ಕೈಗೆ ತೆಗೆದುಕೊಂಡಿರಬಹುದು. ಒಂದೊಂದು ವಿಭಾಗದಲ್ಲಿ ಒಂದೊಂದು ಕಟ್ಟಳೆ, ಅದನ್ನು ಓದದೆ ಊಹೆ ಮಾಡಲು ಆಗುವುದಿಲ್ಲ.

ಡಿವೈಸ್ ರಿಜಿಸ್ಟರ್ ತೆಗೆದುಕೊಳ್ಳಿ. ಅದು ಎರರ್ ಕೊಟ್ಟರೂ ನೀವು ಕೆಫ್ರೀ ಕರೆಯುವ ಹಾಗಿಲ್ಲ, ಪುಟ್ ಡಿವೈಸ್ ಕರೆಯಬೇಕು. ಒಳಗಿನ ರೆಫರೆನ್ಸ್ ಕೌಂಟ್ (ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಅನ್ನುವ ಲೆಕ್ಕ) ಅಷ್ಟರಲ್ಲಾಗಲೇ ಶುರುವಾಗಿರುತ್ತದೆ. ನೇರ ಕೆಫ್ರೀ ಮಾಡಿದರೆ ಡಿವೈಸಿನ ಹೆಸರಿಗೆಂದು ಪ್ರತ್ಯೇಕವಾಗಿ ಪಡೆದ ಮೆಮೊರಿ ಲೀಕ್ ಆಗುತ್ತದೆ. ಲೀಕ್ ಸರಿಮಾಡಲು ಹೋಗಿ ಇನ್ನೊಂದು ಲೀಕ್! ಕೆಆಬ್ಜೆಕ್ಟ್ ಇನಿಟ್ ಅಂಡ್ ಆಡ್ ಕೂಡ ಹೀಗೆಯೇ, ಫೇಲ್ ಆದರೆ ಕೆಆಬ್ಜೆಕ್ಟ್ ಪುಟ್. ಇನ್‌ಪುಟ್ ವಿಭಾಗಕ್ಕೆ ಬಂದರೆ ಬೇರೆ ಲೆಕ್ಕ: ರಿಜಿಸ್ಟರ್ ಫೇಲ್ ಆದರೆ ಇನ್‌ಪುಟ್ ಫ್ರೀ ಡಿವೈಸ್ ಕರೆಯಬೇಕು, ರಿಜಿಸ್ಟರ್ ಆಗಿಬಿಟ್ಟ ಮೇಲೆ ಅನ್‌ರಿಜಿಸ್ಟರ್ ಮಾತ್ರ ಸಾಕು, ಅದರ ಹಿಂದೆಯೇ ಫ್ರೀ ಕರೆದರೆ ಡಬಲ್ ಫ್ರೀ.

ನೆಟ್‌ವರ್ಕ್ ಡ್ರೈವರ್‌ನಲ್ಲಿ ಪ್ಯಾಕೆಟ್ ಕಳಿಸುವ ಫಂಕ್ಷನ್ ಇನ್ನೂ ಮಜಾ. ಡಿಎಂಎ ಮ್ಯಾಪಿಂಗ್ (ಡಿವೈಸ್ ನೇರವಾಗಿ ಓದುವಂತೆ ಮೆಮೊರಿ ಸಜ್ಜುಮಾಡುವುದು) ಫೇಲ್ ಆಯಿತು ಅಂದುಕೊಳ್ಳಿ. ಪ್ಯಾಕೆಟ್ ಬಿಸಾಡಿ 'ಟಿಎಕ್ಸ್ ಓಕೆ' ಅಂತ ಹಿಂದಿರುಗಿಸುವುದಾದರೆ ಆ ಎಸ್‌ಕೆಬಿಯನ್ನು (ಪ್ಯಾಕೆಟ್ ಇರುವ ಬಫರ್) ನೀವೇ ಬಿಡಿಸಿರಬೇಕು. 'ಟಿಎಕ್ಸ್ ಬಿಝಿ' ಅಂತ ಹಿಂದಿರುಗಿಸುವುದಾದರೆ ಮುಟ್ಟುವ ಹಾಗೇ ಇಲ್ಲ, ಮೇಲಿನ ಪದರ ಅದನ್ನೇ ಮತ್ತೆ ಕಳಿಸುತ್ತದೆ. ಮೊದಲನೆಯದರಲ್ಲಿ ಮರೆತರೆ ಲೀಕ್, ಎರಡನೆಯದರಲ್ಲಿ ಬಿಡಿಸಿದರೆ ಯೂಸ್ ಆಫ್ಟರ್ ಫ್ರೀ, ಅಂದರೆ ಬಿಡಿಸಿದ ಮೆಮೊರಿಯನ್ನೇ ಮತ್ತೆ ಮುಟ್ಟುವುದು. ಯುಎಸ್‌ಬಿಯಲ್ಲಿ ಯುಆರ್‌ಬಿ (ಡೇಟಾ ವರ್ಗಾವಣೆಯ ಕೋರಿಕೆ) ಸಬ್ಮಿಟ್ ಫೇಲ್ ಆದರೆ ಕಂಪ್ಲೀಶನ್ ಫಂಕ್ಷನ್ ಓಡುವುದೇ ಇಲ್ಲ. ಬಿಡಿಸುವ ಕೆಲಸವನ್ನೆಲ್ಲ ಅಲ್ಲೇ ಇಟ್ಟವರು ಎರರ್ ಪಾತ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ಮಾಡಬೇಕು.

ಲೀಕ್ ಆದರೆ ಮೆಮೊರಿ ಹೋಗುತ್ತದೆ. ತಪ್ಪು ಫ್ರೀ ಹಾಕಿದರೆ ದಾಳಿ ಮಾಡುವವರಿಗೆ ಬಾಗಿಲು ತೆರೆಯಬಹುದು. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ನಾನು ಲೀಕನ್ನೇ ಬಿಟ್ಟುಬಿಡುತ್ತೇನೆ. 2021ರ ಏಪ್ರಿಲ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪ್ಯಾಚ್‌ಗಳ ಬಗ್ಗೆ ದೊಡ್ಡ ಗಲಾಟೆ ಆಯಿತಲ್ಲ, ಅದರ ಹಿಂದಿನ ಸಂಶೋಧನೆಯೂ ಇದೇ ದೌರ್ಬಲ್ಯವನ್ನು ಬಳಸಿಕೊಂಡಿತ್ತು: ನೋಡಲು ಸಣ್ಣ ರಿಪೇರಿ, ಒಳಗೆ ಬೇಕಂತಲೇ ಇಟ್ಟ ಯೂಸ್ ಆಫ್ಟರ್ ಫ್ರೀ. ಅಂದಿನಿಂದ ಎರರ್ ಪಾತ್‌ಗೆ ಫ್ರೀ ಸೇರಿಸುವ ಪ್ಯಾಚ್ ಅಂದರೆ ಹಲವು ಮೇಂಟೇನರ್‌ಗಳು (ಒಂದೊಂದು ವಿಭಾಗದ ಹೊಣೆ ಹೊತ್ತವರು) ಎರಡು ಸಲ ಓದುತ್ತಾರೆ. ಓದಲೇಬೇಕು ಕೂಡ.

ಕೆರಿಅಲಾಕ್‌ನಲ್ಲಿ ಲೀಕ್ ಅಂತಾರೆ, ಅದು ಹೇಗೆ?

ಪಿ ಅನ್ನುವ ಪಾಯಿಂಟರ್ ಇದೆ, ಕೆರಿಅಲಾಕ್ ಫಲಿತಾಂಶವನ್ನು ಅದೇ ಪಿಗೆ ಹಾಕುತ್ತೀರಿ. ಫೇಲ್ ಆದರೆ ಅದು ನಲ್ ಕೊಡುತ್ತದೆ, ಹಳೆಯ ಬಫರನ್ನು ಮಾತ್ರ ಬಿಡಿಸುವುದಿಲ್ಲ. ಪಿ ಈಗ ನಲ್, ಹಳೆಯ ವಿಳಾಸ ಎಲ್ಲೂ ಇಲ್ಲ. ಬೇರೆ ವೇರಿಯಬಲ್‌ಗೆ ಹಾಕಿ, ಚೆಕ್ ಮಾಡಿ, ಆಮೇಲೆ ಪಿಗೆ ವರ್ಗಾಯಿಸಿ.

ರೆಫರೆನ್ಸ್ ಕೌಂಟ್ ಲೀಕೂ ಇದರಲ್ಲೇ ಸೇರುತ್ತದಾ?

ಸೇರುತ್ತದೆ, ಮತ್ತು ಹುಡುಕಲು ಇನ್ನೂ ಕಷ್ಟ, ಯಾಕೆಂದರೆ ಮೆಮೊರಿಗೆ ಪಾಯಿಂಟರ್ ಎಲ್ಲೋ ಇದ್ದೇ ಇರುತ್ತದೆ, ಲೆಕ್ಕ ಮಾತ್ರ ಸೊನ್ನೆಗೆ ಇಳಿಯುವುದಿಲ್ಲ. ಡಿವೈಸ್ ಟ್ರೀ (ಹಾರ್ಡ್‌ವೇರ್ ವಿವರಗಳನ್ನು ಮರದಂತೆ ಜೋಡಿಸಿದ್ದು) ಕೋಡ್‌ನಲ್ಲಿ ಇದು ಹೇರಳ. ಮಕ್ಕಳ ನೋಡ್‌ಗಳ ಮೇಲೆ ಓಡುವ ಫಾರ್ ಈಚ್ ಚೈಲ್ಡ್ ಮ್ಯಾಕ್ರೋ ಪ್ರತಿ ಸುತ್ತಿನಲ್ಲೂ ಹಿಂದಿನ ನೋಡ್‌ನ ರೆಫರೆನ್ಸ್ ಬಿಡುತ್ತಾ ಹೋಗುತ್ತದೆ. ಮಧ್ಯದಲ್ಲಿ ಎರರ್ ಬಂದು ಬ್ರೇಕ್ ಅಥವಾ ರಿಟರ್ನ್ ಮಾಡಿದರೆ ಕೊನೆಯದು ನಿಮ್ಮ ಕೈಯಲ್ಲೇ ಉಳಿಯುತ್ತದೆ, ಓಎಫ್ ನೋಡ್ ಪುಟ್ ನೀವೇ ಕರೆಯಬೇಕು. ಈಗ ಇದೇ ಮ್ಯಾಕ್ರೋದ ಸ್ಕೋಪ್ಡ್ ರೂಪ ಬಂದಿದೆ, ಮಧ್ಯದಲ್ಲಿ ಹೊರಬಂದರೂ ರೆಫರೆನ್ಸನ್ನು ಅದೇ ಬಿಡುತ್ತದೆ. ಹೊಸ ಕೋಡ್‌ಗೆ ಅದನ್ನೇ ಬಳಸಿ.

ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಇನ್ನೊಂದು ಪ್ರಸಿದ್ಧ ಹೊಂಡ: ಪಿಎಂ ರನ್‌ಟೈಮ್ ಗೆಟ್ ಸಿಂಕ್ ಫೇಲ್ ಆದರೂ ಕೌಂಟ್ ಏರಿಸಿಯೇ ಇರುತ್ತದೆ. ಫೇಲ್ ಆಗಿದೆ, ಬಿಡುವುದು ಏನಿದೆ ಅಂತ ಎಲ್ಲರೂ ಅಂದುಕೊಳ್ಳುವುದು ಸಹಜ. ಎಷ್ಟು ಡ್ರೈವರ್‌ಗಳು ಇದರಲ್ಲಿ ಬಿದ್ದವು ಅಂದರೆ, ಕೊನೆಗೆ ಫೇಲ್ ಆದಾಗ ಕೌಂಟ್ ತಾನೇ ಇಳಿಸುವ ರೆಸ್ಯೂಮ್ ಅಂಡ್ ಗೆಟ್ ಅನ್ನುವ ಫಂಕ್ಷನ್ ಸೇರಿಸಬೇಕಾಯಿತು.

ಎಲ್ಲದಕ್ಕೂ ಡೆವ್‌ಎಂ ಬಳಸಿಬಿಟ್ಟರೆ?

ಪ್ರೋಬ್‌ನಲ್ಲಿ ಬಳಸಿ, ತುಂಬ ಒಳ್ಳೆಯದು. 2007ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ನೀವು ಪಡೆದದ್ದೆಲ್ಲ ಡಿವೈಸಿನ ಹೆಸರಿಗೆ ಬರೆದಿಟ್ಟುಕೊಳ್ಳಲಾಗುತ್ತದೆ. ಪ್ರೋಬ್ ಫೇಲ್ ಆದರೆ ಅಥವಾ ಡ್ರೈವರ್ ಕಳಚಿದರೆ ಉಲ್ಟಾ ಕ್ರಮದಲ್ಲಿ ತಾನೇ ಬಿಡುಗಡೆ ಆಗುತ್ತದೆ. ಎಷ್ಟೋ ಡ್ರೈವರ್‌ಗಳಲ್ಲಿ ಎರರ್ ಲೇಬಲ್‌ಗಳೇ ಮಾಯವಾದವು.

ಆದರೆ ಅರ್ಧ ಡೆವ್‌ಎಂ, ಅರ್ಧ ಕೈಯಾರೆ ಅಂತ ಬೆರೆಸಿದರೆ ಕ್ರಮ ಕೆಡುತ್ತದೆ. ರಿಮೂವ್ ಫಂಕ್ಷನ್ ಮೊದಲು ಓಡುತ್ತದೆ, ಡೆವ್‌ಎಂ ಬಿಡುಗಡೆ ಅದಾದ ಮೇಲೆ. ಬಫರನ್ನು ರಿಮೂವ್‌ನಲ್ಲಿ ಕೆಫ್ರೀ ಮಾಡಿ ಇಂಟರಪ್ಟನ್ನು ಡೆವ್‌ಎಂಗೆ ಬಿಟ್ಟರೆ, ಆ ಎರಡರ ನಡುವೆ ಬಂದ ಇಂಟರಪ್ಟ್ ಸತ್ತ ಬಫರನ್ನು ಮುಟ್ಟುತ್ತದೆ. ಓಪನ್ ಅಥವಾ ಐಆಕ್ಟಲ್ ಒಳಗೆ ಡೆವ್‌ಎಂ ಕೆಝಡ್‌ಅಲಾಕ್ ಕರೆಯುವುದೂ ತಪ್ಪು. ಪ್ರತಿ ಕರೆಗೂ ಹೊಸದು ಸೇರುತ್ತಾ ಹೋಗುತ್ತದೆ, ಡ್ರೈವರ್ ಕಳಚುವ ತನಕ ಬಿಡುವುದಿಲ್ಲ. ಪಟ್ಟಿಯಲ್ಲಿ ಪಾಯಿಂಟರ್ ಇರುವುದರಿಂದ ಲೀಕ್ ಹುಡುಕುವ ಸಾಧನಕ್ಕೂ ಇದು ಕಾಣುವುದಿಲ್ಲ. ಇನ್ನು ಬಳಕೆದಾರ ಫೈಲ್ ತೆರೆದಿಟ್ಟುಕೊಂಡಿರುವಾಗಲೇ ಡಿವೈಸ್ ಕಿತ್ತರೆ, ಆ ಫೈಲ್ ಹಿಡಿದಿರುವ ಮೆಮೊರಿ ಡೆವ್‌ಎಂನಿಂದ ಬಂದದ್ದಾಗಿದ್ದರೆ, ಅಲ್ಲೂ ಯೂಸ್ ಆಫ್ಟರ್ ಫ್ರೀ.

ಹೊಸ ಕ್ಲೀನಪ್ ಮ್ಯಾಕ್ರೋಗಳ ಬಗ್ಗೆ ಏನು ಹೇಳುತ್ತೀರಿ?

2023ರ 6.5 ಆವೃತ್ತಿಯಲ್ಲಿ ಬಂದವು. ಕಂಪೈಲರಿನ ಕ್ಲೀನಪ್ ಆಟ್ರಿಬ್ಯೂಟ್ ಬಳಸಿ, ವೇರಿಯಬಲ್ ಸ್ಕೋಪ್ ಮುಗಿದ ತಕ್ಷಣ ಕೆಫ್ರೀ ತಾನಾಗಿ ನಡೆಯುವ ಹಾಗೆ ಮಾಡುತ್ತವೆ. ಲಾಕ್‌ಗೆ ಗಾರ್ಡ್ ಇದೆ, ಸ್ಕೋಪ್ ಮುಗಿದಾಗ ಲಾಕನ್ನು ಅದೇ ಬಿಡುತ್ತದೆ. ನನಗೆ ಇಷ್ಟ. ಎರರ್ ಪಾತ್ ಅನ್ನುವುದನ್ನೇ ಕೈಯಾರೆ ಬರೆಯಬೇಕಾಗಿಲ್ಲ, ಬರೆಯದ ಕೋಡ್‌ನಲ್ಲಿ ಮರೆಯುವುದಾದರೂ ಏನು?

ಎರಡು ಎಚ್ಚರಿಕೆ. ಬಿಡುಗಡೆ ನಡೆಯುವುದು ಘೋಷಣೆ ಮಾಡಿದ ಕ್ರಮಕ್ಕೆ ಉಲ್ಟಾ. ಹಳೆಯ ಚಾಳಿಯಂತೆ ಫಂಕ್ಷನ್ನಿನ ತಲೆಯಲ್ಲೇ ನಲ್ ಹಾಕಿ ವೇರಿಯಬಲ್ ಬರೆದು, ಕೆಳಗೆ ಗಾರ್ಡ್ ಹಾಕಿದರೆ, ಮೊದಲು ಲಾಕ್ ಬಿಟ್ಟು ಆಮೇಲೆ ಮೆಮೊರಿ ಬಿಡುತ್ತದೆ. ಲಾಕ್ ಒಳಗೇ ಬಿಡಿಸಬೇಕಾದ ವಸ್ತುವಾದರೆ ಕೆಟ್ಟಿತು. ಹಾಗಾಗಿ ಅಲೋಕೇಟ್ ಮಾಡುವ ಸಾಲಿನಲ್ಲೇ ಘೋಷಿಸಿ. ಎರಡನೆಯದು, ಇದನ್ನೂ ಗೋಟೂವನ್ನೂ ಒಂದೇ ಫಂಕ್ಷನ್ನಿನಲ್ಲಿ ಬೆರೆಸಬೇಡಿ. ಎಲ್ಲ ಸರಿಹೋದಾಗ ಪಾಯಿಂಟರನ್ನು ಹೊರಗೆ ಕೊಡುವುದಿದ್ದರೆ ತಾನಾಗಿ ಬಿಡಿಸುವುದನ್ನು ತಡೆಯುವ ನೋ ಫ್ರೀ ಪಿಟಿಆರ್ ಮೂಲಕವೇ ಕೊಡಬೇಕು, ಮರೆತರೆ ಆಗಷ್ಟೇ ಸತ್ತ ಮೆಮೊರಿಯನ್ನು ಹಿಂದಿರುಗಿಸಿರುತ್ತೀರಿ. ಅಂದ ಹಾಗೆ ನೆಟ್‌ವರ್ಕಿಂಗ್ ವಿಭಾಗದವರಿಗೆ ಈ ತಾನಾಗಿ ಬಿಡಿಸುವ ವ್ಯವಸ್ಥೆಗಳ ಮೇಲೆ ಅನುಮಾನ ಇದೆ, ತಮ್ಮ ನಿಯಮಗಳಲ್ಲೇ ಬರೆದುಕೊಂಡಿದ್ದಾರೆ. ಹಳೆಯ ಡ್ರೈವರನ್ನು ಸುಮ್ನೆ ಇದಕ್ಕೆ ಬದಲಾಯಿಸಿ ಅಲ್ಲಿಗೆ ಕಳಿಸಬೇಡಿ.

ಲೀಕ್ ಇದೆಯೋ ಇಲ್ಲವೋ ಅಂತ ಹೇಗೆ ಹುಡುಕುವುದು?

ಕೆಮೆಮ್‌ಲೀಕ್‌ನಿಂದ ಶುರು ಮಾಡಿ. 2009ರಿಂದ, ಅಂದರೆ 2.6.31ರಿಂದ ಕರ್ನಲ್ ಒಳಗೇ ಇದೆ. ಕಾನ್ಫಿಗ್‌ನಲ್ಲಿ ಆನ್ ಮಾಡಿ ಕಟ್ಟಬೇಕು. ಅದು ಅಲೋಕೇಟ್ ಆದ ಪ್ರತಿ ಬ್ಲಾಕನ್ನೂ ನೆನಪಿಟ್ಟುಕೊಂಡು, ಆಗಾಗ ಮೆಮೊರಿಯೆಲ್ಲ ಜಾಲಾಡಿ, ಯಾವ ಬ್ಲಾಕಿಗೆ ಎಲ್ಲೂ ಪಾಯಿಂಟರ್ ಇಲ್ಲವೋ ಅದನ್ನು ಲೀಕ್ ಅನ್ನುತ್ತದೆ. ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಓಡುತ್ತದೆ. ಟೆಸ್ಟ್ ಮಾಡುವಾಗ ಡೀಬಗ್‌ಎಫ್‌ಎಸ್‌ನಲ್ಲಿರುವ (ಡೀಬಗ್ ಮಾಡಲು ಕರ್ನಲ್ ತೆರೆದಿಡುವ ಫೈಲ್ ವ್ಯವಸ್ಥೆ) ಅದರ ಫೈಲಿಗೆ ಮೊದಲು ಕ್ಲಿಯರ್ ಬರೆಯಿರಿ, ನಿಮ್ಮ ಎರರ್ ಪಾತ್ ಓಡಿಸಿ, ಆಮೇಲೆ ಸ್ಕ್ಯಾನ್ ಬರೆಯಿರಿ. ಕೆಲವು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಈಗಷ್ಟೇ ಹುಟ್ಟಿದ ಬ್ಲಾಕ್‌ಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅದು ಕೊಡುವ ಬ್ಯಾಕ್‌ಟ್ರೇಸ್ ಅಲೋಕೇಟ್ ಮಾಡಿದವರದ್ದು, ಮರೆತವರದ್ದಲ್ಲ. ಹೊಸಬರು ಆ ಸಾಲಿನಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ. ಅಲ್ಲಿಂದ ಮುಂದೆ ಪಾಯಿಂಟರ್ ಯಾರ ಕೈಗೆ ಹೋಯಿತು ಅಂತ ನಡೆದುಕೊಂಡು ಹೋಗಬೇಕು.

ಕೆಮೆಮ್‌ಲೀಕ್ ಏನೂ ಹೇಳುತ್ತಿಲ್ಲ, ಮೆಮೊರಿ ಮಾತ್ರ ಏರುತ್ತಲೇ ಇದೆ?

ಪಟ್ಟಿಯಲ್ಲೋ ಟೇಬಲ್‌ನಲ್ಲೋ ಪಾಯಿಂಟರ್ ಉಳಿದಿದ್ದರೆ ಅದಕ್ಕೆ ಲೀಕ್ ಅನ್ನಿಸುವುದಿಲ್ಲ. ನೇರವಾಗಿ ಪೇಜ್ ಅಲೋಕೇಟರಿಂದ ಪಡೆದದ್ದನ್ನೂ ಅದು ಗಮನಿಸುವುದಿಲ್ಲ. ಪ್ರಾಕ್ ಮೆಮ್‌ಇನ್ಫೋದಲ್ಲಿ ಎಸ್‌ಅನ್‌ರಿಕ್ಲೇಮ್ (ವಾಪಸ್ ಪಡೆಯಲಾಗದ ಸ್ಲ್ಯಾಬ್ ಮೆಮೊರಿ) ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಸ್ಲ್ಯಾಬ್‌ಟಾಪ್‌ನಲ್ಲಿ ಯಾವ ಕ್ಯಾಶ್ ಅಂತ ತಿಳಿಯುತ್ತದೆ. 2024ರ 6.10 ಆವೃತ್ತಿಯಿಂದ ಅಲೋಕೇಶನ್ ಪ್ರೊಫೈಲಿಂಗ್ ಬಂದಿದೆ. ಅದನ್ನು ಆನ್ ಮಾಡಿದರೆ ಪ್ರಾಕ್ ಅಲಾಕ್‌ಇನ್ಫೋದಲ್ಲಿ ಕೋಡಿನ ಯಾವ ಸಾಲು ಎಷ್ಟು ಬೈಟ್ ಹಿಡಿದಿದೆ ಅಂತ ನೇರವಾಗಿ ಕಾಣುತ್ತದೆ. ಎರಡು ಸಲ ತೆಗೆದು ವ್ಯತ್ಯಾಸ ನೋಡಿದರೆ ಸಾಕು.

ಓಡದೇ ಇರುವ ಎರರ್ ಪಾತನ್ನು ಓಡಿಸುವುದು ಹೇಗೆ?

ಬೇಕಂತಲೇ ಫೇಲ್ ಮಾಡಿಸಬೇಕು. ಅದಕ್ಕೇ ಫಾಲ್ಟ್ ಇಂಜೆಕ್ಷನ್ ಇದೆ. ಫೇಲ್‌ಸ್ಲ್ಯಾಬ್ ಕೆಮ್ಯಾಲಾಕನ್ನು ಫೇಲ್ ಮಾಡಿಸುತ್ತದೆ, ಫೇಲ್ ಪೇಜ್ ಅಲಾಕ್ ಪೇಜ್‌ಗಳನ್ನು. ಆನ್ ಮಾಡಿದೆ, ಏನೂ ಫೇಲ್ ಆಗುತ್ತಿಲ್ಲ ಅನ್ನುವ ದೂರು ತುಂಬ ಬರುತ್ತದೆ. ಇಗ್ನೋರ್ ಜಿಎಫ್‌ಪಿ ವೇಟ್ ಅನ್ನುವ ಸೆಟ್ಟಿಂಗ್ ಮೊದಲಿನಿಂದಲೇ ವೈ ಆಗಿರುತ್ತದೆ, ಅಂದರೆ ನಿದ್ದೆ ಮಾಡಬಲ್ಲ ಅಲೋಕೇಶನ್‌ಗಳನ್ನು ಅದು ಮುಟ್ಟುವುದಿಲ್ಲ. ಡ್ರೈವರ್ ಕೋಡ್‌ನಲ್ಲಿ ಜಾಸ್ತಿ ಇರುವುದೇ ಅವು. ಎನ್ ಮಾಡಿ.

ಯಾದೃಚ್ಛಿಕವಾಗಿ ಫೇಲ್ ಮಾಡಿಸುವುದಕ್ಕಿಂತ ಫೇಲ್ ಎನ್ತ್ ಎಷ್ಟೋ ಮೇಲು. ನಿಮ್ಮ ಥ್ರೆಡ್ಡಿನ ಪ್ರಾಕ್ ಡೈರೆಕ್ಟರಿಯಲ್ಲಿರುವ ಆ ಫೈಲಿಗೆ 1 ಬರೆದು ಸಿಸ್ಟಂ ಕಾಲ್ ಮಾಡಿದರೆ ಮೊದಲ ಅಲೋಕೇಶನ್ ಫೇಲ್, 2 ಬರೆದರೆ ಎರಡನೆಯದು, ಹೀಗೆ. ಕಾಲ್ ಮುಗಿದ ಮೇಲೆ ಫೈಲ್ ಓದಿದಾಗ ಸೊನ್ನೆ ಬಂದರೆ ಫೇಲ್ ನಿಜವಾಗಿ ಆಯಿತು ಅಂತ. ಬೇರೆ ಸಂಖ್ಯೆ ಉಳಿದಿದ್ದರೆ ಅಷ್ಟು ಅಲೋಕೇಶನ್ ಆ ದಾರಿಯಲ್ಲಿ ಇರಲೇ ಇಲ್ಲ, ನಿಲ್ಲಿಸಿ. ಒಂದು ಪುಟ್ಟ ಲೂಪ್‌ನಲ್ಲಿ ಆ ಕಾಲ್‌ನ ಅಲೋಕೇಶನ್ ಎರರ್ ಪಾತ್‌ಗಳನ್ನೆಲ್ಲ ಒಂದೊಂದಾಗಿ ನಡೆಸಬಹುದು. ಜೊತೆಗೆ ಕೆಮೆಮ್‌ಲೀಕ್ ಮತ್ತು ಕೇಸಾನ್ ಎರಡೂ ಆನ್ ಇರಲಿ: ಮರೆತದ್ದನ್ನು ಒಂದು ಹೇಳುತ್ತದೆ, ಎರಡು ಸಲ ಬಿಡಿಸಿದ್ದನ್ನು ಇನ್ನೊಂದು. ಸಿಸ್ಟಂ ಕಾಲ್‌ಗಳನ್ನು ಯದ್ವಾತದ್ವಾ ಕರೆದು ತಪ್ಪು ಹುಡುಕುವ ಸಿಜ್‌ಕಾಲರ್ ಫಜ್ಜರ್ ಕೂಡ ಇದೇ ಸೌಲಭ್ಯವನ್ನು ಬಳಸುತ್ತದೆ.

ಸ್ಟ್ಯಾಟಿಕ್ ಟೂಲ್ ಸಾಲದಾ?

ಕೋಡ್ ಓಡಿಸದೆ ಓದಿಯೇ ತಪ್ಪು ಹುಡುಕುವ ಸ್ಮ್ಯಾಚ್, ಕಾಕ್ಸಿನೆಲ್ ಎರಡೂ ಉಪಯುಕ್ತ, ಹಾರ್ಡ್‌ವೇರ್ ಇಲ್ಲದ ಡ್ರೈವರ್‌ಗೆ ಅದೇ ಗತಿ. ಆದರೆ ಮೆಮೊರಿ ಯಾರ ಕೈ ಸೇರಿತು ಅನ್ನುವುದು ಅವಕ್ಕೆ ಎಲ್ಲ ಸಲ ಗೊತ್ತಾಗುವುದಿಲ್ಲ. ಟೂಲ್ ಹೇಳಿತು ಅಂತ ಕಣ್ಣು ಮುಚ್ಚಿ ಕೆಫ್ರೀ ಹಾಕಬೇಡಿ.

ರಸ್ಟ್‌ನಲ್ಲಿ ಬರೆದರೆ ಈ ಸಮಸ್ಯೆ ಇಲ್ಲವಾ?

ಎರರ್ ಬಂದು ಫಂಕ್ಷನ್ ಅರ್ಧದಲ್ಲಿ ಹೊರಟರೂ ಅಲ್ಲಿಯ ತನಕ ಪಡೆದದ್ದೆಲ್ಲ ಡ್ರಾಪ್ ಆಗುತ್ತದೆ, ಆದ್ದರಿಂದ ಈ ಬಗೆಯ ಲೀಕ್ ಬಹುಮಟ್ಟಿಗೆ ಇಲ್ಲ. ಬೇಕಂತ ಮರೆತರೆ, ಅಥವಾ ಎರಡು ವಸ್ತುಗಳು ಒಂದರ ರೆಫರೆನ್ಸ್ ಇನ್ನೊಂದು ಹಿಡಿದುಕೊಂಡರೆ, ರಸ್ಟ್‌ನಲ್ಲೂ ಲೀಕ್ ಆಗುತ್ತದೆ. ಕರ್ನಲ್ಲಿಗೆ ರಸ್ಟ್ ಬಂದದ್ದು 2022ರ ಡಿಸೆಂಬರಿನ 6.1ರಲ್ಲಿ. ಇರುವ ಕೋಡ್‌ನ ಬಹುಪಾಲು ಇನ್ನೂ ಸಿ.

ಸರಿಮಾಡಿದ್ದೇನೆ, ಪ್ಯಾಚ್ ಕಳಿಸುವಾಗ ಏನು ಬರೆಯಬೇಕು?

ಯಾವ ಕರೆ ಫೇಲ್ ಆದಾಗ ಯಾವ ವಸ್ತು ಉಳಿಯುತ್ತದೆ ಅಂತ ಎರಡು ವಾಕ್ಯದಲ್ಲಿ ಬರೆಯಿರಿ. 'ಮೆಮೊರಿ ಲೀಕ್ ಸರಿಮಾಡಲಾಗಿದೆ' ಅಂತಷ್ಟೇ ಬರೆದರೆ ಓದುವವರು ನಿಮ್ಮ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಲೀಕ್ ತಂದ ಮೂಲ ಕಮಿಟ್ ಹುಡುಕಿ ಫಿಕ್ಸಸ್ ಸಾಲು ಹಾಕಿ, ಕಮಿಟ್ ಐಡಿಯ ಕನಿಷ್ಠ 12 ಅಕ್ಷರಗಳ ಜೊತೆ ಅದರ ಶೀರ್ಷಿಕೆಯೂ ಇರಬೇಕು. ಬಳಕೆದಾರರು ಓಡಿಸಬಲ್ಲ ಲೀಕ್ ಆದರೆ ಸ್ಟೇಬಲ್‌ಗೂ (ಈಗಾಗಲೇ ಬಿಡುಗಡೆಯಾದ ಆವೃತ್ತಿಗಳನ್ನು ನೋಡಿಕೊಳ್ಳುವವರು) ಪ್ರತಿ ಹೋಗಲಿ. ಟೂಲ್‌ನಿಂದ ಸಿಕ್ಕಿದ್ದಾದರೆ ಯಾವ ಟೂಲ್ ಅಂತ ಹೇಳಿ, ಓಡಿಸಿ ನೋಡಿಲ್ಲದಿದ್ದರೆ ಕಂಪೈಲ್ ಮಾತ್ರ ಮಾಡಿದ್ದೇನೆ ಅಂತ ಒಪ್ಪಿಕೊಳ್ಳಿ. ಯಾರಿಗೆ ಕಳಿಸಬೇಕು ಅನ್ನುವುದನ್ನು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ತಿಳಿಸುತ್ತದೆ.

ಒಂದೇ ಫಂಕ್ಷನ್ನಿನಲ್ಲಿ ಮೂರು ಲೀಕ್ ಸಿಕ್ಕರೆ, ಮೂರೂ ಒಂದೇ ಕಮಿಟ್‌ನಿಂದ ಬಂದಿದ್ದರೆ ಒಂದೇ ಪ್ಯಾಚ್ ಸಾಕು. ಬೇರೆ ಬೇರೆ ಕಮಿಟ್‌ಗಳಿಂದ ಬಂದಿದ್ದರೆ ಬಿಡಿಸಿ ಕಳಿಸಿ, ಹಳೆಯ ಸ್ಟೇಬಲ್ ಆವೃತ್ತಿಗಳಿಗೆ ಅವನ್ನು ಒಯ್ಯುವವರಿಗೆ ಸುಲಭವಾಗುತ್ತದೆ.